ಅರಳುವ ಗುಂಡು: ನಕ್ಷೆ ಕೈಗೆ ಬಂದಾಗ ಉದ್ದಿಮೆದಾರರು ತಿಳಿದಿರಬೇಕಾದ ಸಂಗತಿಗಳು

ಸುಲ್ತಾನ್‌ಪೇಟೆ ಎಂದರೆ ಕಾಗದ, ಮುದ್ರಣ, ಮದುವೆಯ ಕರೆಯೋಲೆಗಳ ವಹಿವಾಟಿನ ಬೀದಿ. ಅಲ್ಲಿನ ಸದಸ್ಯರೊಬ್ಬರು ಇತ್ತೀಚೆಗೆ ಒಂದು ನಕ್ಷೆಯನ್ನು ಹಿಡಿದು ಬಂದಿದ್ದರು. ಅವರ ತಮ್ಮನಿಗೆ ಪೀಣ್ಯದಲ್ಲಿ ಎರಡು ಸಿಎನ್‌ಸಿ ಲೇಥ್‌ಗಳ ಸಣ್ಣ ಘಟಕವಿದೆ. ಹೊರದೇಶದ ಖರೀದಿದಾರನೊಬ್ಬ ಮಿಂಚಂಚೆಯ ಮೂಲಕ ತಾಮ್ರದ ತಿರುಗಣೆ ಭಾಗವೊಂದಕ್ಕೆ ದರಪಟ್ಟಿ ಕೇಳಿದ್ದನು. ಉದ್ದ ಸುಮಾರು 33 ಮಿಲಿಮೀಟರ್, ವ್ಯಾಸ 7.82 ಮಿಲಿಮೀಟರ್, ತುದಿಯಲ್ಲಿ ಟೊಳ್ಳು, ಟೊಳ್ಳಿನ ಒಳಗೋಡೆಯಲ್ಲಿ ಸಣ್ಣ ಸೀಳುಗಳು. ನಕ್ಷೆಯ ಕೆಳಗೆ ಒಂದು ಷರತ್ತು: “ಸೆಕೆಂಡಿಗೆ 1,800 ಅಡಿ ವೇಗದಿಂದ ಮೇಲೆ ತಪ್ಪದೆ ಅರಳತಕ್ಕದ್ದು.”

ಲೋಹದ ಭಾಗ ಅರಳುವುದೆಂದರೇನು, ಅದನ್ನು ಪರೀಕ್ಷಿಸುವುದು ಹೇಗೆ, ದರ ನಿಗದಿ ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ನಕ್ಷೆಯಲ್ಲಿ ಎಲ್ಲಿಯೂ ಬರೆದಿರದಿದ್ದರೂ, ಅದು ದೊಡ್ಡ ಪ್ರಾಣಿಗಳ ಬೇಟೆಗೆ ಬಳಸುವ ರೈಫಲ್ ಗುಂಡಿನ ನಕ್ಷೆ. ಇಂತಹ ವಿಚಾರಣೆಗಳು ಬೇರೆ ಸದಸ್ಯರಿಗೂ ಬರುವ ಸಂಭವವಿರುವುದರಿಂದ, ಈ ವಸ್ತುವಿನ ಹಿಂದಿರುವ ತಾಂತ್ರಿಕತೆಯನ್ನೂ, ಅದನ್ನು ಕೈಗೆತ್ತಿಕೊಳ್ಳುವ ಮುನ್ನ ತಿಳಿಯಲೇಬೇಕಾದ ಕಾನೂನನ್ನೂ ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಗುಂಡು ಅರಳಬೇಕೇಕೆ?

ತೋಟಾ ಎಂದರೆ ಹಿತ್ತಾಳೆಯ ಕೋಶ, ಅದರ ತಳದ ಕಿಡಿಮದ್ದು, ಒಳಗಿನ ಮದ್ದು ಮತ್ತು ಬಾಯಲ್ಲಿ ಕೂರಿಸಿದ ಗುಂಡು ಸೇರಿದ ಇಡೀ ವಸ್ತು. ನಳಿಗೆಯಿಂದ ಹೊರಟು ಗುರಿಯನ್ನು ಮುಟ್ಟುವುದು ಗುಂಡು ಮಾತ್ರ. ಗಟ್ಟಿ ಹೊದಿಕೆಯ ಚೂಪಾದ ಗುಂಡು ಪ್ರಾಣಿಯ ದೇಹವನ್ನು ಹೊಕ್ಕು, ಸೂಜಿ ಚುಚ್ಚಿದಂತೆ ಸಣ್ಣ ರಂಧ್ರ ಮಾಡಿ, ತನ್ನ ಶಕ್ತಿಯ ಬಹುಪಾಲನ್ನು ಹೊತ್ತುಕೊಂಡೇ ಆಚೆ ಹೋಗಬಹುದು. ಆಗ ಪ್ರಾಣಿ ತಕ್ಷಣ ಸಾಯದೆ, ಗಾಯಗೊಂಡು ಮೈಲಿಗಟ್ಟಲೆ ಓಡಿ, ದಿನಗಟ್ಟಲೆ ನರಳಿ ಸಾಯುತ್ತದೆ. ಅರಳುವ ಗುಂಡಿನ ಮೂತಿ ಒಳಹೊಕ್ಕೊಡನೆ ಅಣಬೆಯಂತೆ ಹರಡಿ, ಸಾಮಾನ್ಯವಾಗಿ ಮೂಲ ವ್ಯಾಸದ ಒಂದೂವರೆಯಿಂದ ಎರಡು ಪಟ್ಟಾಗುತ್ತದೆ. ಗಾಯದ ದಾರಿ ಅಗಲವಾಗಿ ಪ್ರಾಣಿ ಬೇಗ ಬೀಳುತ್ತದೆ. ಬೇಟೆ ಕಾನೂನುಬದ್ಧವಾಗಿರುವ ಹಲವು ದೇಶಗಳಲ್ಲಿ ಈ ಕಾರಣದಿಂದಲೇ ಅರಳುವ ಗುಂಡು ಕಡ್ಡಾಯ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ಮೃದು ಮೂತಿಯ ಅಥವಾ ಟೊಳ್ಳು ಮೂತಿಯ ಗುಂಡನ್ನೇ ಬಳಸಬೇಕೆನ್ನುತ್ತದೆ. ಜರ್ಮನಿಯ ಬೇಟೆ ಕಾಯ್ದೆಯ ಪ್ರಕಾರ ದೊಡ್ಡ ಪ್ರಾಣಿಗಳಿಗೆ ಕನಿಷ್ಠ 6.5 ಮಿಲಿಮೀಟರ್ ವ್ಯಾಸವೂ, 100 ಮೀಟರ್ ದೂರದಲ್ಲಿ ಕನಿಷ್ಠ 2,000 ಜೂಲ್ ಶಕ್ತಿಯೂ ಇರಬೇಕು.

ಈ ಬಗೆಯ ಗುಂಡಿಗೆ ಜಗತ್ತಿನಾದ್ಯಂತ ಹೆಸರು ಬಂದದ್ದು ನಮ್ಮ ದೇಶದ ಕಾರ್ಖಾನೆಯೊಂದರಿಂದ. ಕಲ್ಕತ್ತದ ಬಳಿಯ ಡಮ್‌ಡಮ್ ಮದ್ದುಗುಂಡು ಕಾರ್ಖಾನೆಯಲ್ಲಿ 1890ರ ದಶಕದ ಉತ್ತರಾರ್ಧದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬ ಅಧಿಕಾರಿ .303 ಗುಂಡಿನ ಹೊದಿಕೆಯನ್ನು ಮೂತಿಯಲ್ಲಿ ತುಸು ತೆರೆದಿಟ್ಟು, ಒಳಗಿನ ಸೀಸ ಕಾಣುವಂತೆ ಮಾಡಿದನು. ವಾಯವ್ಯ ಗಡಿಯ ಕಾಳಗಗಳಲ್ಲಿ ಬಳಕೆಯಾದ ಅದು ಭೀಕರ ಗಾಯಗಳನ್ನು ಉಂಟುಮಾಡಿತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅರಳುವ ಗುಂಡುಗಳ ಬಳಕೆಯನ್ನು ನಿಷೇಧಿಸಿತು. ಹೀಗೆ ಒಂದೇ ವಸ್ತು ಯುದ್ಧಭೂಮಿಯಲ್ಲಿ ನಿಷಿದ್ಧವಾಗಿ, ಬೇಟೆಯಲ್ಲಿ ಕಡ್ಡಾಯವಾಗಿ, ಎರಡು ಪ್ರತ್ಯೇಕ ಮಾರುಕಟ್ಟೆಗಳು ಹುಟ್ಟಿದವು.

ದೂರ ಹೆಚ್ಚಿದಂತೆ ಏನಾಗುತ್ತದೆ?

ಕೆನೆತ್ ಆಂಡರ್ಸನ್‌ನ ಹೆಸರನ್ನು ಕೇಳದ ಕನ್ನಡ ಓದುಗರು ವಿರಳ. ಬೆಂಗಳೂರಿನವನೇ ಆದ ಈ ಬೇಟೆಗಾರನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಆತನ ನೆಚ್ಚಿನ ಆಯುಧ .405 ವಿಂಚೆಸ್ಟರ್ ರೈಫಲ್. ಅದರ ಗುಂಡಿನ ತೂಕ 300 ಗ್ರೇನ್, ಅಂದರೆ 19 ಗ್ರಾಂಗಿಂತ ತುಸು ಹೆಚ್ಚು. ನಳಿಗೆಯ ಬಾಯಲ್ಲಿ ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಮೊಂಡು ಮೂತಿಯ ಆ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಆದರೆ ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತು, ಕೆಲವೇ ಮಾರು ದೂರದಲ್ಲಿ ಈಡು ಹೊಡೆಯುವವನಿಗೆ ಅದು ಕೊರತೆಯೆನಿಸಲಿಲ್ಲ. ದಕ್ಷಿಣ ಕನ್ನಡದ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಓದಿದವರಿಗೂ ನಮ್ಮ ಕಾಡಿನ ಬೇಟೆ ಹತ್ತಿರದ ಬೇಟೆಯೆಂಬುದು ತಿಳಿದಿದೆ. ದಟ್ಟ ಮಲೆಯಲ್ಲಿ ನೂರು ಮೀಟರ್ ಆಚೆ ಕಣ್ಣೇ ಹೋಗುವುದಿಲ್ಲ.

ಅಮೆರಿಕದ ಪಶ್ಚಿಮ ಭಾಗದ ಬೆಟ್ಟಗಳಲ್ಲಿಯೂ, ನಮೀಬಿಯಾದಂತಹ ಬಯಲು ದೇಶಗಳಲ್ಲಿಯೂ ಪರಿಸ್ಥಿತಿ ಬೇರೆ. ಅಲ್ಲಿ 300, 400 ಮೀಟರ್ ದೂರದ ಈಡುಗಳು ಅಪರೂಪವಲ್ಲ. ಗುಂಡು ಅರಳುವುದೋ ಇಲ್ಲವೋ ಎಂಬುದು ನಳಿಗೆಯ ಬಾಯಲ್ಲಿನ ವೇಗವನ್ನಲ್ಲ, ಪ್ರಾಣಿಯನ್ನು ಮುಟ್ಟುವ ಕ್ಷಣದ ವೇಗವನ್ನು ಅವಲಂಬಿಸಿದೆ. ಬಹುವಾಗಿ ಬಳಕೆಯಲ್ಲಿರುವ .308 ವಿಂಚೆಸ್ಟರ್ ತೋಟಾದ 165 ಗ್ರೇನ್ (ಸುಮಾರು 10.7 ಗ್ರಾಂ) ಗುಂಡಿನ ಅಂದಾಜು ವೇಗಗಳನ್ನು ಗಮನಿಸಿ:

ನಳಿಗೆಯ ಬಾಯಲ್ಲಿ – ಸೆಕೆಂಡಿಗೆ 823 ಮೀಟರ್
100 ಮೀಟರ್ ದೂರದಲ್ಲಿ – 760 ಮೀಟರ್
200 ಮೀಟರ್ ದೂರದಲ್ಲಿ – 695 ಮೀಟರ್
300 ಮೀಟರ್ ದೂರದಲ್ಲಿ – 635 ಮೀಟರ್
400 ಮೀಟರ್ ದೂರದಲ್ಲಿ – 580 ಮೀಟರ್
500 ಮೀಟರ್ ದೂರದಲ್ಲಿ – 530 ಮೀಟರ್

ದೇಹದ ಮಾಂಸಖಂಡ ಬಹುಪಾಲು ನೀರು. ವೇಗವಾಗಿ ಹೊಕ್ಕ ಗುಂಡಿನ ಮೂತಿಯ ಮೇಲೆ ಅದು ಒತ್ತಡ ಹೇರುತ್ತದೆ. ಈ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಸೆಕೆಂಡಿಗೆ 823 ಮೀಟರ್ ವೇಗದಲ್ಲಿ ಅದು ಸುಮಾರು 340 ಮೆಗಾಪಾಸ್ಕಲ್ ಆದರೆ, 530 ಮೀಟರ್ ವೇಗದಲ್ಲಿ 140 ಮಾತ್ರ. ವೇಗ ಮೂರನೆಯ ಒಂದು ಭಾಗದಷ್ಟು ಇಳಿದರೆ ಒತ್ತಡ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆಂದಾಯಿತು. ಈ ಒತ್ತಡ ಮೂತಿಯ ಲೋಹದ ಬಲವನ್ನು ಮೀರಿದಾಗ ಮಾತ್ರ ಗುಂಡು ಅರಳುತ್ತದೆ. ನಕ್ಷೆಯಲ್ಲಿದ್ದ 1,800 ಅಡಿ, ಅಂದರೆ ಸುಮಾರು 549 ಮೀಟರ್, ಈ ಹೊಸ್ತಿಲಿನ ವೇಗ. ಮೇಲಿನ ಪಟ್ಟಿಯಂತೆ ಅದು ಸುಮಾರು 460 ಮೀಟರ್ ದೂರಕ್ಕೆ ಸರಿಹೊಂದುತ್ತದೆ. ಅದರಾಚೆ ಅದೇ ಗುಂಡು ಗಟ್ಟಿ ಹೊದಿಕೆಯ ಗುಂಡಿನಂತೆ ತೂರಿಹೋಗಬಹುದು. ಗುರಿ ತಪ್ಪದಿದ್ದರೂ ಗುಂಡು ಕೆಲಸ ಮಾಡದೆ ಹೋಗುವುದು ಹೀಗೆ.

ಇಂತಹ ಪಟ್ಟಿಗಳನ್ನು ಸಾಮಾನ್ಯವಾಗಿ ಸಮುದ್ರಮಟ್ಟದ ಗಾಳಿಗೆ ಲೆಕ್ಕ ಹಾಕಿರುತ್ತಾರೆ. ಬೆಂಗಳೂರಿನಂತೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ಗಾಳಿ ಸುಮಾರು ಹತ್ತನೆಯ ಒಂದು ಭಾಗದಷ್ಟು ತೆಳುವಾಗಿದ್ದು, ವೇಗ ತುಸು ನಿಧಾನವಾಗಿ ಕುಗ್ಗುತ್ತದೆ. ಖರೀದಿದಾರ ಕೊಟ್ಟ ಅಂಕಿಗಳು ಯಾವ ಎತ್ತರಕ್ಕೆ, ಯಾವ ಉಷ್ಣತೆಗೆ ಸಂಬಂಧಿಸಿದವೆಂದು ಕೇಳುವುದು ಅಗತ್ಯ.

ಗುಂಡಿನ ಮುಖ್ಯ ಬಗೆಗಳು

ಮೊದಲನೆಯದು ಸೀಸದ ತಿರುಳು ಮತ್ತು ತಾಮ್ರಮಿಶ್ರ ಲೋಹದ ಹೊದಿಕೆಯ ಸಾಂಪ್ರದಾಯಿಕ ಗುಂಡು. ಹೊದಿಕೆಯಲ್ಲಿ ತಾಮ್ರ ಶೇಕಡಾ 90ರಿಂದ 95ರಷ್ಟಿದ್ದು ಉಳಿದದ್ದು ಸತು. ಸೀಸವನ್ನು ಗಟ್ಟಿ ಮಾಡಲು ಆಂಟಿಮನಿ ಬೆರೆಸುತ್ತಾರೆ. ಮೂತಿಯಲ್ಲಿ ಸೀಸ ತೆರೆದಿರುವುದರಿಂದ ಸುಲಭವಾಗಿ ಅರಳುತ್ತದೆ, ಬೆಲೆಯೂ ಕಡಿಮೆ. ಆದರೆ ತೀರ ಹತ್ತಿರದ ಈಡಿನಲ್ಲಿ, ಹೆಚ್ಚು ವೇಗದಲ್ಲಿ ಮೂಳೆಗೆ ತಾಗಿದರೆ ಹೊದಿಕೆ ಮತ್ತು ತಿರುಳು ಬೇರ್ಪಟ್ಟು ಚೂರಾಗಬಹುದು. ಈ ದೋಷಕ್ಕೆ ಅಮೆರಿಕದ ಜಾನ್ ನೋಸ್ಲರ್ ಕಂಡುಕೊಂಡ ಉಪಾಯವೆಂದರೆ ಹೊದಿಕೆಯ ನಡುವೆಯೇ ಅಡ್ಡಗೋಡೆ ಇರುವ ‘ಪಾರ್ಟಿಷನ್’ ಗುಂಡು. 1948ರಲ್ಲಿ ಮಾರುಕಟ್ಟೆಗೆ ಬಂದ ಇದರ ಮುಂಭಾಗ ಅರಳುತ್ತದೆ, ಹಿಂಭಾಗ ಇಡಿಯಾಗಿ ಉಳಿದು ಆಳಕ್ಕೆ ಇಳಿಯುತ್ತದೆ.

ಎರಡನೆಯದು ತಿರುಳನ್ನು ಹೊದಿಕೆಗೆ ಬೆಸೆದ ಗುಂಡು. ಎರಡೂ ಬೇರ್ಪಡದ ಕಾರಣ ಮೂತಿಯನ್ನು ಇನ್ನಷ್ಟು ಮೃದುವಾಗಿ ರೂಪಿಸಬಹುದು. ದೂರದ ಬೇಟೆಗೆಂದೇ ತಯಾರಾಗುವ ಈ ಬಗೆಯ ಕೆಲವು ಗುಂಡುಗಳು ಸೆಕೆಂಡಿಗೆ 1,300 ಅಡಿ, ಅಂದರೆ ಸುಮಾರು 396 ಮೀಟರ್ ವೇಗದಲ್ಲಿಯೂ ಅರಳುತ್ತವೆಂದು ತಯಾರಕರು ಹೇಳುತ್ತಾರೆ. ಆ ವೇಗದಲ್ಲಿ ಮೂತಿಯ ಮೇಲಿನ ಒತ್ತಡ 1,800 ಅಡಿ ವೇಗದಲ್ಲಿ ಇರುವುದರ ಸರಿಸುಮಾರು ಅರ್ಧ.

ಮೂರನೆಯದು ಇಡೀ ತಾಮ್ರದ ಅಥವಾ ತಾಮ್ರಮಿಶ್ರ ಲೋಹದ ಒಂಟಿ ತುಂಡಿನ ಗುಂಡು. 1989ರಲ್ಲಿ ಅಮೆರಿಕದ ಬಾರ್ನ್ಸ್ ಕಂಪನಿಯ ‘ಎಕ್ಸ್’ ಗುಂಡಿನಿಂದ ಇದು ಜನಪ್ರಿಯವಾಯಿತು. ಮೂತಿಯ ಟೊಳ್ಳಿಗೆ ದ್ರವ ನುಗ್ಗಿದಾಗ ಗೋಡೆ ಸೀಳಿ ದಳಗಳಾಗಿ ಹಿಂದಕ್ಕೆ ಬಾಗುತ್ತದೆ. ತೂಕ ಬಹುತೇಕ ನಷ್ಟವಾಗುವುದಿಲ್ಲ. ಆದರೆ ತಾಮ್ರ ಸೀಸಕ್ಕಿಂತ ಗಟ್ಟಿಯಾದ್ದರಿಂದ ಅರಳಲು ಹೆಚ್ಚು ವೇಗ ಬೇಕು. ಹಲವು ವಿನ್ಯಾಸಗಳಿಗೆ 1,800ರಿಂದ 2,000 ಅಡಿ ಅಗತ್ಯ. 2,000 ಅಡಿಯ ಗುಂಡಾದರೆ ಮೇಲಿನ ಪಟ್ಟಿಯಂತೆ ಅದರ ದೂರದ ಮಿತಿ 350 ಮೀಟರ್‌ಗೂ ಒಳಗೇ ನಿಲ್ಲುತ್ತದೆ. ಸುಲ್ತಾನ್‌ಪೇಟೆಯ ಸದಸ್ಯರು ತಂದಿದ್ದ ನಕ್ಷೆ ಈ ಮೂರನೆಯ ಬಗೆಯದು.

ಗುರಿಕಾರಿಕೆಯ ಸ್ಪರ್ಧೆಗಳಲ್ಲಿ ಬಳಸುವ ಗುಂಡುಗಳ ಮೂತಿಯಲ್ಲಿಯೂ ಸಣ್ಣ ರಂಧ್ರವಿರುತ್ತದೆ. ಅದು ಹೊದಿಕೆಯನ್ನು ತಳದ ಕಡೆಯಿಂದ ಎಳೆದು ಮೂತಿಯಲ್ಲಿ ಮುಚ್ಚುವ ತಯಾರಿಕಾ ಕ್ರಮದಿಂದ ಉಳಿದದ್ದೇ ಹೊರತು ಅರಳಲೆಂದು ಇಟ್ಟದ್ದಲ್ಲ. ಎರಡನ್ನೂ ಒಂದೇ ಎಂದು ತಿಳಿದು ಮಾರುವ ವ್ಯಾಪಾರಿ ಗಿರಾಕಿಯ ವಿಶ್ವಾಸ ಕಳೆದುಕೊಳ್ಳುತ್ತಾನೆ.

ತಾಮ್ರಕ್ಕೆ ಬೇಡಿಕೆ ಏಕೆ?

ಸೀಸ ವಿಷ. ಸೀಸದ ಚೂರುಗಳಿರುವ ಕಳೇಬರವನ್ನು ತಿಂದು ರಣಹದ್ದಿನಂತಹ ಪಕ್ಷಿಗಳು ಸಾಯುತ್ತವೆ. ಬೇಟೆಯ ಮಾಂಸ ತಿನ್ನುವ ಮನುಷ್ಯರಿಗೂ ಅಪಾಯ ತಪ್ಪಿದ್ದಲ್ಲ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಮದ್ದುಗುಂಡು ನಿಷಿದ್ಧ. ಡೆನ್ಮಾರ್ಕ್ 2024ರಲ್ಲಿ ರೈಫಲ್ ಬೇಟೆಗೂ ಈ ನಿಷೇಧವನ್ನು ವಿಸ್ತರಿಸಿತು. ಹೀಗೆ ಪ್ರೆಸ್ ಮತ್ತು ಅಚ್ಚುಗಳ ಕೆಲಸವಾಗಿದ್ದ ಗುಂಡು, ಸಲಾಕೆಯಿಂದ ಲೇಥ್‌ನಲ್ಲಿ ತಿರುಗಿಸಬಹುದಾದ ಭಾಗವಾಯಿತು. ನಮ್ಮ ಸಣ್ಣ ಘಟಕಗಳಿಗೆ ಇಂತಹ ನಕ್ಷೆಗಳು ಬರುವ ಕಾರಣ ಇದೇ.

ಕಾನೂನು ಬದಲಾದರೆ ಉದ್ದಿಮೆ ಹುಟ್ಟುವುದೂ ಉಂಟು, ಮುಚ್ಚುವುದೂ ಉಂಟು. ಸುಮಾರು ಒಂದು ಶತಮಾನ ಕಾಲ ಹುಲಿ, ಚಿರತೆಗಳ ಚರ್ಮ ಹದಮಾಡಿ ತುಂಬುವ ಕೆಲಸಕ್ಕೆ ಲೋಕಪ್ರಸಿದ್ಧವಾಗಿದ್ದ ಮೈಸೂರಿನ ವಾನ್ ಇಂಗೆನ್ ಸಂಸ್ಥೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕ್ಷೀಣಿಸುತ್ತ ಬಂದು 1999ರಲ್ಲಿ ಮುಚ್ಚಿತು.

ಆಯ್ಕೆಯ ಕ್ರಮ

ವಿವೇಕಿಯಾದ ಬೇಟೆಗಾರ ಗುಂಡನ್ನು ಆರಿಸುವ ಕ್ರಮವನ್ನು ತಿಳಿದರೆ ತಯಾರಕನಿಗೆ ಖರೀದಿದಾರನ ಷರತ್ತುಗಳ ಅರ್ಥ ಸ್ಪಷ್ಟವಾಗುತ್ತದೆ.

1. ತಾನು ಈಡು ಹೊಡೆಯುವ ಗರಿಷ್ಠ ದೂರವನ್ನು ಮೊದಲೇ ನಿಶ್ಚಯಿಸಿಕೊಳ್ಳುತ್ತಾನೆ. 460 ಮೀಟರ್ ಕ್ರಮಿಸಲು ಗುಂಡಿಗೆ ಸುಮಾರು ಮುಕ್ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟರೂ ಈಡು ಎದೆಯ ಬದಲು ಹೊಟ್ಟೆಗೆ ತಾಗುತ್ತದೆ.

2. ಆ ದೂರದಲ್ಲಿ ಉಳಿಯುವ ವೇಗವನ್ನು ತನ್ನದೇ ರೈಫಲ್‌ನಿಂದ ಅಳೆದ ಅಂಕಿಯಿಂದ ಲೆಕ್ಕ ಹಾಕುತ್ತಾನೆ. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗವನ್ನು ನಂಬುವುದಿಲ್ಲ. ನಳಿಗೆ ಗಿಡ್ಡವಿದ್ದರೆ ವೇಗ ಕಡಿಮೆ.

3. ಹೊಸ್ತಿಲಿನ ವೇಗ ಇದಕ್ಕಿಂತ ಸಾಕಷ್ಟು ಕೆಳಗಿರುವ ಗುಂಡನ್ನು ಆರಿಸುತ್ತಾನೆ. ಎರಡೂ ಅಂಕಿಗಳು ಸಮವಾಗಿದ್ದರೆ ಅದು ಭರವಸೆಯಲ್ಲ, ಜೂಜು.

4. ಅದೇ ಗುಂಡು ಐವತ್ತು ಮೀಟರ್‌ನಲ್ಲಿ ಚೂರಾಗದೆ ಆಳಕ್ಕೆ ಇಳಿಯುವುದೇ ಎಂದು ವಿಚಾರಿಸುತ್ತಾನೆ. ದೂರಕ್ಕೆಂದು ಅತಿ ಮೃದುವಾಗಿಸಿದ ಗುಂಡು ಹತ್ತಿರದಲ್ಲಿ ಕೈಕೊಡಬಹುದು.

5. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ, ಸೀಸದ್ದು 11.34. ಒಂದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ಸ್ಥಿರವಾಗಿ ಹಾರಲು ನಳಿಗೆಯೊಳಗಿನ ಸುರುಳಿ ಗೀರುಗಳು ಹೆಚ್ಚು ಬಿಗಿಯಾಗಿರಬೇಕು.

ತಯಾರಕನ ದೃಷ್ಟಿಯಿಂದ

7.62 ಮಿಲಿಮೀಟರ್ ಎಂದು ಕರೆಯಲಾಗುವ ಗುಂಡಿನ ನಿಜವಾದ ವ್ಯಾಸ 7.82. ಮೊದಲನೆಯದು ಸುರುಳಿ ಗೀರು ಕೊರೆಯುವ ಮುನ್ನಿನ ನಳಿಗೆಯ ರಂಧ್ರದ ಅಳತೆ. ಹೆಸರನ್ನು ನಂಬಿ ತಿರುಗಿಸಿದರೆ ಇಡೀ ಸರಕು ತಿರಸ್ಕೃತವಾಗುತ್ತದೆ. ಶುದ್ಧ ತಾಮ್ರ ಲೇಥ್‌ನಲ್ಲಿ ಅಂಟಂಟಾಗಿ ಸುತ್ತಿಕೊಳ್ಳುವ ಲೋಹವೆಂಬುದು ನಮ್ಮ ಕಾರ್ಮಿಕರಿಗೆ ಚೆನ್ನಾಗಿ ಗೊತ್ತು. ಅದಕ್ಕಿಂತ ಸೂಕ್ಷ್ಮವಾದದ್ದು ಗಡಸುತನ. ಕಾಯಿಸಿ ಮೆದುಗೊಳಿಸಿದ ತಾಮ್ರಕ್ಕೂ ಎಳೆದು ಗಟ್ಟಿಯಾದ ತಾಮ್ರಕ್ಕೂ ಬಾಗುವ ಬಲದಲ್ಲಿ ಹಲವು ಪಟ್ಟು ವ್ಯತ್ಯಾಸವಿದೆ. ಅಳತೆ ಒಂದೇ ಇದ್ದರೂ ಸಲಾಕೆಯ ಹದ ಬದಲಾದರೆ ಹೊಸ್ತಿಲಿನ ವೇಗ ಬದಲಾಗುತ್ತದೆ. ವರ್ನಿಯರ್‌ಗಾಗಲಿ ಮೈಕ್ರೊಮೀಟರ್‌ಗಾಗಲಿ ಸಿಗದ ದೋಷವಿದು. ಬೇರೆ ಬೇರೆ ಕಡೆಯಿಂದ ಅಗ್ಗದ ಸಲಾಕೆ ಕೊಳ್ಳುವ ಅಭ್ಯಾಸ ಇಲ್ಲಿ ನಡೆಯದು.

ಪರೀಕ್ಷೆಗೆ ಶೇಕಡಾ 10ರ ಜೆಲಟಿನ್ ಪಾಕವನ್ನು ಗಟ್ಟಿಗೊಳಿಸಿ, 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿ ಬಳಸುತ್ತಾರೆ. ದೂರದ ಈಡನ್ನು ಪರೀಕ್ಷಿಸಲು ನಿಜಕ್ಕೂ ದೂರ ಹೋಗಬೇಕಾಗಿಲ್ಲ. ಮದ್ದನ್ನು ಕಡಿಮೆ ಮಾಡಿ ಅಷ್ಟೇ ವೇಗವನ್ನು ಹತ್ತಿರದಲ್ಲಿಯೇ ಪಡೆಯುತ್ತಾರೆ. ಬಳಿಕ ಗುಂಡನ್ನು ಹೊರತೆಗೆದು ಅರಳಿದ ವ್ಯಾಸ, ಉಳಿದ ತೂಕ, ಇಳಿದ ಆಳ ಅಳೆಯುತ್ತಾರೆ. ಹತ್ತರಲ್ಲಿ ಒಂಬತ್ತು ಅರಳಿದರೆ ಸಾಲದು, ಅರಳದ ಆ ಒಂದು ಗುಂಡೇ ಪ್ರಾಣಿಯನ್ನು ನರಳಿಸುತ್ತದೆ. ಈ ಪರೀಕ್ಷೆಯನ್ನು ನಡೆಸುವ ಅಧಿಕಾರ ಪರವಾನಗಿ ಉಳ್ಳವರಿಗೆ ಮಾತ್ರ.

ಕಾನೂನು ಏನೆನ್ನುತ್ತದೆ?

ಸದಸ್ಯರು ಅತ್ಯಂತ ಎಚ್ಚರದಿಂದ ಓದಬೇಕಾದ ಭಾಗ ಇದು. 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡು ಎಂಬುದರ ವ್ಯಾಖ್ಯೆಯೊಳಗೆ ಮದ್ದುಗುಂಡಿನ ಭಾಗಗಳೂ, ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಸೇರಿವೆ. ಆದ್ದರಿಂದ ಮದ್ದು ತುಂಬದ, ಕೋಶವಿಲ್ಲದ ಬರಿಯ ತಾಮ್ರದ ಗುಂಡೂ ಕಾನೂನಿನ ಕಣ್ಣಿನಲ್ಲಿ ಮದ್ದುಗುಂಡೇ. ಕಾಯ್ದೆಯ 5ನೇ ಪ್ರಕರಣದಂತೆ ಪರವಾನಗಿ ಇಲ್ಲದೆ ಅದನ್ನು ತಯಾರಿಸುವುದು, ಪರೀಕ್ಷಿಸುವುದು, ಮಾರುವುದು ಮಾತ್ರವಲ್ಲ, ಮಾರಾಟಕ್ಕೆ ಒಡ್ಡುವುದೂ ನಿಷಿದ್ಧ. 2019ರ ತಿದ್ದುಪಡಿಯ ನಂತರ ಇದನ್ನು ಮೀರಿದವರಿಗೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ವಿಧಿಸಬಹುದು. “ನಾವು ಕೇವಲ ಜಾಬ್ ವರ್ಕ್ ಮಾಡಿದೆವು” ಎಂಬ ಸಮಜಾಯಿಷಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ರಫ್ತಿಗೆ ಇನ್ನೊಂದು ಬಾಗಿಲು ದಾಟಬೇಕು. ವಿಶೇಷ ನಿಯಂತ್ರಣಕ್ಕೆ ಒಳಪಟ್ಟ ಸರಕುಗಳ ‘ಸ್ಕೋಮೆಟ್’ ಪಟ್ಟಿಯ 6ನೇ ವರ್ಗ 2017ರಲ್ಲಿ ಜಾರಿಗೆ ಬಂದಿದ್ದು, ಮದ್ದುಗುಂಡು ಹಾಗೂ ಅದಕ್ಕಾಗಿ ವಿಶೇಷವಾಗಿ ರೂಪಿಸಿದ ಭಾಗಗಳು ಅದರಲ್ಲಿವೆ. ಈ ವರ್ಗದ ರಫ್ತಿಗೆ ರಕ್ಷಣಾ ಉತ್ಪಾದನಾ ಇಲಾಖೆಯ ಅನುಮತಿ ಬೇಕು. ಸುಂಕದ ವರ್ಗೀಕರಣದಲ್ಲಿ ಗುಂಡುಗಳು ಮತ್ತು ಅವುಗಳ ಭಾಗಗಳು 9306ರ ಅಡಿ ಬರುತ್ತವೆ. “ತಾಮ್ರದ ತಿರುಗಣೆ ಭಾಗ” ಎಂದು ಬರೆದು 7419ರ ಅಡಿ ಕಳುಹಿಸಿದರೆ ಅದು ತಪ್ಪು ಘೋಷಣೆಯಾಗುತ್ತದೆ. ಖರೀದಿದಾರ ನಕ್ಷೆಯಲ್ಲಿ ವಸ್ತುವಿನ ಹೆಸರನ್ನು ಬಿಟ್ಟಿದ್ದರೆ, ಆ ಹೊಣೆ ರಫ್ತುದಾರನ ತಲೆಯ ಮೇಲೆಯೇ ಬೀಳುತ್ತದೆ.

ಹಾಗೆಂದು ಈ ಕ್ಷೇತ್ರ ಖಾಸಗಿಯವರಿಗೆ ಮುಚ್ಚಿಲ್ಲ. 2001ರಲ್ಲಿ ಕೇಂದ್ರ ಸರ್ಕಾರ ರಕ್ಷಣಾ ಉತ್ಪಾದನೆಯನ್ನು ಖಾಸಗಿ ವಲಯಕ್ಕೆ ತೆರೆಯಿತು. 2016ರ ಆಯುಧ ನಿಯಮಗಳು ತಯಾರಿಕಾ ಪರವಾನಗಿಯ ವಿಧಾನವನ್ನು ನಿಗದಿಪಡಿಸಿವೆ. ಬೆಂಗಳೂರಿನಲ್ಲಿಯೇ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆ ದೂರಗಾಮಿ ರೈಫಲ್‌ಗಳನ್ನು ತಯಾರಿಸುತ್ತಿದೆ. ಆದರೆ ಭದ್ರತೆ, ದಾಸ್ತಾನು, ಲೆಕ್ಕಪತ್ರಗಳ ನಿಬಂಧನೆಗಳು ಕಠಿಣವಾದವು. ಎರಡು ಲೇಥ್‌ಗಳ ಘಟಕವೊಂದು ಒಂದೇ ಆರ್ಡರಿಗಾಗಿ ಈ ದಾರಿ ಹಿಡಿಯುವುದು ಕಷ್ಟಸಾಧ್ಯ.

ದೇಶದೊಳಗೆ ಬೇಟೆಯ ಗುಂಡಿನ ಮಾರುಕಟ್ಟೆ ಇದೆಯೇ ಎಂಬ ಪ್ರಶ್ನೆ ಸಹಜ. 1972ರ ಕಾಯ್ದೆಯಂತೆ ವನ್ಯಪ್ರಾಣಿಗಳ ಬೇಟೆ ನಿಷಿದ್ಧ. ಕಾಯ್ದೆಯ 11ನೇ ಪ್ರಕರಣದ ಅಡಿ ಅಧಿಕೃತ ಅನುಮತಿ ದೊರೆತ ಸಂದರ್ಭಗಳು ಇದಕ್ಕೆ ಹೊರತಾದವುಗಳಲ್ಲಿ ಸೇರಿವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿದೆ. ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿಯೇ ಹೊರತು ಬೇಟೆಯಾಡುವ ಅನುಮತಿಯಲ್ಲ. ಮಲೆನಾಡಿನ ತೋಟಗಳಲ್ಲಿ ಬೆಳೆ ರಕ್ಷಣೆಗೆಂದು ಇರುವುದು ಬಹುಪಾಲು 12 ಬೋರಿನ ಕೋವಿ. ಕಿಲೋಮೀಟರುಗಟ್ಟಲೆ ಹಾರಬಲ್ಲ ರೈಫಲ್ ಗುಂಡು, ಕೂಲಿಯಾಳುಗಳು ಓಡಾಡುವ ತೋಟದಲ್ಲಿ ಅಪಾಯಕಾರಿಯೇ ಸರಿ.

ಕೊನೆಯ ಮಾತು

ಗುರುತಿಲ್ಲದ ಭಾಗದ ನಕ್ಷೆ ಬಂದಾಗ ದರ ತಿಳಿಸುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಬರಹದಲ್ಲಿ ಕೇಳುವುದು ಒಳಿತು: ವಸ್ತುವಿನ ಅಂತಿಮ ಬಳಕೆ ಏನು? ಅಂತಿಮ ಬಳಕೆದಾರ ಯಾರು? ಖರೀದಿದಾರನ ಬಳಿ ಆಮದು ಪರವಾನಗಿ ಇದೆಯೇ? ಯಾವ ಸುಂಕ ಸಂಕೇತದಡಿ ಸರಕು ಇಳಿಯಲಿದೆ? ಉತ್ತರ ಅಸ್ಪಷ್ಟವಾಗಿದ್ದಲ್ಲಿ ಮಾದರಿ ತುಂಡನ್ನೂ ತಯಾರಿಸಬಾರದು.

ಸುಲ್ತಾನ್‌ಪೇಟೆಯ ಸದಸ್ಯರು ಹಾಗೆಯೇ ಬರೆದು ಕೇಳಿದರು. ಉತ್ತರ ಬರಲಿಲ್ಲ. ಹಬ್ಬದ ಮುನ್ನ ಲೇಥ್‌ಗಳಿಗೆ ಕೆಲಸ ಸಿಗುವುದೆಂದು ನೆಚ್ಚಿದ್ದ ಅವರ ತಮ್ಮನಿಗೆ ಅದು ನಷ್ಟವೇ. ಆದರೆ ಅವರು ಅಷ್ಟರಲ್ಲಾಗಲೇ ಮಾದರಿಗೆಂದು ತಾಮ್ರದ ಸಲಾಕೆ ತರಿಸಿದ್ದರೆಂಬುದನ್ನು ನೆನೆದರೆ, ಆ ಒಂದು ಪತ್ರದ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಸಲಾಕೆಗಳನ್ನು ಈಗ ವಿದ್ಯುತ್ ಉಪಕರಣದ ಟರ್ಮಿನಲ್‌ಗಳಿಗೆ ಬಳಸುತ್ತಿದ್ದಾರೆ.